ಜವಾರಿ ತತ್ತಿಗೆ ಬೆಲೆ ಕಟ್ಟುವವರು ಯಾರು?

ದಿನಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬೇಳೆ, ಬೆಲ್ಲ, ಚಿನ್ನ, ಬೆಳ್ಳಿಗಳ ಧಾರಣೆಯ ಜೊತೆಗೆ ಮೊಟ್ಟೆಯ ದರವೂ ಅಚ್ಚಾಗುವುದನ್ನು ಓದುಗರು ಕಂಡಿರಬಹುದು. ನೂರಕ್ಕೆ ಇಷ್ಟು ರೂಪಾಯಿ ಎಂಬ ಒಂದೇ ಸಾಲು. ದೊಡ್ಡ ಕೋಳಿ ಫಾರಂಗಳ ಮಾಲೀಕರು, ಸಗಟು ವ್ಯಾಪಾರಿಗಳು, ಹೋಟೆಲಿನವರು ಆ ಸಾಲನ್ನು ನೋಡಿಯೇ ದಿನದ ವ್ಯವಹಾರ ಶುರು ಮಾಡುತ್ತಾರೆ. ಆದರೆ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿ, ದಿನಕ್ಕೆ ಎರಡೋ ಮೂರೋ ತತ್ತಿ ಕೂಡಿಸಿ ಮಾರುವ ಹೆಣ್ಣುಮಗಳ ತತ್ತಿಯ ದರ ಯಾವ ಪುಟದಲ್ಲೂ ಬರುವುದಿಲ್ಲ. ಬಂದದ್ದೂ ಇಲ್ಲ.

ಭೂತನಾಳ ವಿಜಯಪುರದ ಸೆರಗಿಗೆ ಅಂಟಿಕೊಂಡಂತಿರುವ ಊರು. ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆಯಿಂದ ಅದರ ಹೆಸರು ಹೊರಗಿನವರಿಗೂ ಗೊತ್ತು. ಇಂಥ ಅಂಚಿನ ಊರುಗಳಿಗೂ, ಹೊಸ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರದ ಹಳ್ಳಿಗಳಿಗೂ ನಗರದಿಂದ ಬಂದವರು ಕೇಳುವ ಒಂದು ಪ್ರಶ್ನೆ ಹೊಸದಲ್ಲ: ‘ಜವಾರಿ ತತ್ತಿ ಅದಾವೇನ್ರೀ? ಎಷ್ಟಕ್ಕೊಂದ್ರೀ?’ ದಕ್ಷಿಣದವರು ನಾಟಿ ಮೊಟ್ಟೆ ಎನ್ನುವುದು ಇಲ್ಲಿ ಜವಾರಿ ತತ್ತಿ. ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸುಲಭ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಎರಡನೆಯ ಭಾಗಕ್ಕೆ ಮಾತ್ರ ಒಂದು ಉದ್ದನೆಯ ಇತಿಹಾಸವಿದೆ. ಅದರಲ್ಲಿ ಕಲೆಕ್ಟರರ ಕ್ಯಾಂಪು, ಆಣೆ ಪೈಗಳ ಲೆಕ್ಕ, ಪರದೇಶದ ಹುಂಜ, ಪುಣೆಯ ಒಬ್ಬ ಉದ್ಯಮಿ ಎಲ್ಲ ಬರುತ್ತಾರೆ. ಕೋಳಿ ಸಾಕುವ ಹೆಂಗಸು ಮಾತ್ರ ಬಹುಕಾಲ ಬರುವುದೇ ಇಲ್ಲ.

ತಿಪ್ಪೆಯ ಮೇಲಿನ ಸಂಪತ್ತು

ಈ ನೆಲಕ್ಕೆ ಕೋಳಿ ಹಳೆಯ ಒಡನಾಡಿ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೇ ಶತಮಾನದ ತಮ್ಮ ವಚನವೊಂದರಲ್ಲಿ, ತುತ್ತು ಕಂಡಾಗ ತನ್ನ ಬಳಗವನ್ನೆಲ್ಲ ಕರೆಯುವ ಕೋಳಿಯನ್ನು ದೃಷ್ಟಾಂತವಾಗಿ ತಂದಿದ್ದಾರೆ. ಕೇಳುಗರೆಲ್ಲ ದಿನವೂ ಕಾಣುತ್ತಿದ್ದ ನೋಟವಾದ್ದರಿಂದಲೇ ಅದು ದೃಷ್ಟಾಂತವಾಯಿತು. ತಿಪ್ಪೆ ಕೆದರಿ ಹುಳ ಹೆಕ್ಕುವ, ಕಣದಲ್ಲಿ ಉದುರಿದ ಜೋಳ ಸಜ್ಜೆ ಆಯುವ, ರಾತ್ರಿ ಬುಟ್ಟಿಯಡಿ ಮಲಗುವ ಈ ಹಕ್ಕಿಗೆ ಖರ್ಚೆಂಬುದೇ ಇಲ್ಲ ಎಂಬ ನಂಬಿಕೆ ಅಂದಿನಿಂದ ಇಂದಿನವರೆಗೂ ಬಂದಿದೆ. ಖರ್ಚಿಲ್ಲದ್ದಕ್ಕೆ ಬೆಲೆ ಕೇಳುವುದು ಹೇಗೆ ಎಂಬ ಸಂಕೋಚವೂ ಅದರೊಂದಿಗೇ ಬಂದಿದೆ.

ಎತ್ತು, ಎಮ್ಮೆ, ಹೊಲದ ಹಣ ಗಂಡಸರ ಕೈಯಲ್ಲಿದ್ದರೆ ಕೋಳಿಯ ಹಣ ಹೆಂಗಸರದು ಎಂಬುದು ಹಳ್ಳಿಗಳ ಅಲಿಖಿತ ಕಾನೂನು. ಮಗಳ ಬಳೆ, ಮೊಮ್ಮಗನ ಪಾಟಿ, ಜಾತ್ರೆಯ ಬೆಂಡು ಬೆತ್ತಾಸು ಇವುಗಳಿಗೆ ಆ ಹಣವೇ ಆಧಾರ. ಎಷ್ಟೋ ಕಡೆ ಅದು ಹಣದ ರೂಪಕ್ಕೆ ಬರುತ್ತಲೇ ಇರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಹೋದ ನಾಲ್ಕು ತತ್ತಿಯನ್ನು ಕಿರಾಣಿ ಅಂಗಡಿಯಲ್ಲಿ ಕೊಟ್ಟು ಉಪ್ಪು, ಚಹಾಪುಡಿ, ಎಣ್ಣೆ ತರುವುದು ವಾಡಿಕೆ. ತತ್ತಿಗೆ ಎಷ್ಟು ಎಂದು ಹೇಳುವವನು ಅಂಗಡಿಕಾರ. ಎಣ್ಣೆಗೆ ಎಷ್ಟು ಎಂದು ಹೇಳುವವನೂ ಅವನೇ. ಇಂಥ ವ್ಯಾಪಾರದಲ್ಲಿ ಎರಡೂ ಕಡೆಯ ತಕ್ಕಡಿ ಒಬ್ಬನ ಕೈಯಲ್ಲಿರುತ್ತದೆ.

ಇದಕ್ಕಿಂತ ಕೆಟ್ಟ ಗಿರಾಕಿಯೂ ಒಬ್ಬನಿದ್ದ. ಅದು ಸರ್ಕಾರ. ವಿಜಯಪುರ ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದದ್ದು 1885ರಲ್ಲಿ. ಸುಗ್ಗಿಯ ಕಾಲದಲ್ಲಿ ಸಾಹೇಬರು ಡೇರೆ ಹೊಡೆದು ಹಳ್ಳಿ ಸುತ್ತಲು ಹೊರಟರೆ ಕ್ಯಾಂಪಿಗೆ ಹುಲ್ಲು, ಸೌದೆ, ಹಾಲು, ಕೋಳಿ, ತತ್ತಿ ಒದಗಿಸುವ ಹೊಣೆ ಊರಿನ ಮೇಲೆ ಬೀಳುತ್ತಿತ್ತು. ಇದಕ್ಕೆ ರಸದ್ ಎಂಬ ಹೆಸರು. ದರ ಕೊಡಬೇಕೆಂಬ ನಿಯಮವೇನೋ ಇತ್ತು. ನಿರಖು, ಅಂದರೆ ಅಧಿಕಾರಿಗಳು ಒಪ್ಪಿದ ಪೇಟೆ ಧಾರಣೆಯ ಪಟ್ಟಿಯೂ ಇರುತ್ತಿತ್ತು. ಆದರೆ ಸಾಹೇಬರ ಕೈಯಿಂದ ಹೊರಟ ಕಾಸು ಬಟ್ಲರ್, ಪಟ್ಟೇವಾಲ, ಊರಗೌಡರನ್ನು ದಾಟಿ ಹಿತ್ತಲಿನ ತನಕ ಬರುವಷ್ಟರಲ್ಲಿ ಎಷ್ಟು ಉಳಿಯುತ್ತಿತ್ತು ಎಂಬುದನ್ನು ಊಹಿಸಬಹುದು. ರಸದ್ ಮತ್ತು ಬಿಟ್ಟಿ ಚಾಕರಿಯ ವಿರುದ್ಧ ದೇಶದ ಹಲವೆಡೆ ಎದ್ದ ದೂರುಗಳು ಸ್ವಾತಂತ್ರ್ಯ ಚಳವಳಿಯ ಕಥೆಯ ಒಂದು ಭಾಗವೇ ಆಗಿವೆ.

ಡಜನ್ನಿನ ಜಾಣ ಲೆಕ್ಕ

ಪೇಟೆಯಲ್ಲಿ ತತ್ತಿ ಡಜನ್ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ಹನ್ನೆರಡೇ ಏಕೆ ಎಂಬುದಕ್ಕೆ ಹಳೆಯ ನಾಣ್ಯಗಳಲ್ಲಿ ಸೊಗಸಾದ ಅನುಕೂಲವೊಂದು ಸಿಗುತ್ತದೆ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಅಂದರೆ ಆಣೆಗೆ 12 ಪೈ. ಡಜನ್ನಿಗೆ ಎಷ್ಟು ಆಣೆಯೋ ಒಂದಕ್ಕೆ ಅಷ್ಟೇ ಪೈ! ಡಜನ್ನಿಗೆ 6 ಆಣೆ ಎಂದರೆ ಒಂದಕ್ಕೆ 6 ಪೈ, ಅಂದರೆ ಅರ್ಧ ಆಣೆ. ಡಜನ್ನಿಗೆ 9 ಆಣೆ ಎಂದರೆ ಒಂದಕ್ಕೆ 9 ಪೈ, ಅಂದರೆ ಮೂರು ಪೈಸೆ. ಓದು ಬರಹ ಬಾರದ ಹೆಂಗಸೂ ಬೆರಳ ಗೆಣ್ಣಿನಲ್ಲಿ ಇದನ್ನು ಮುಗಿಸುತ್ತಿದ್ದಳು. ಒಂದು ಕೈಯ ನಾಲ್ಕು ಬೆರಳಿನ ಗೆಣ್ಣು ಎಣಿಸಿದರೂ ಹನ್ನೆರಡೇ ತಾನೆ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಅದಕ್ಕೆ ಐದು ತಿಂಗಳ ಮೊದಲು, 1956ರ ನವೆಂಬರ್ 1ರಂದು, ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತ್ತು. ರಾಜ್ಯ ಬದಲಾದದ್ದಕ್ಕಿಂತ ನಾಣ್ಯ ಬದಲಾದದ್ದು ಸಂತೆಯ ಹೆಂಗಸರಿಗೆ ಹೆಚ್ಚು ತೊಡಕಾಗಿರಬೇಕು. ರೂಪಾಯಿಗೆ ನೂರು ನಯೇ ಪೈಸೆ, ಆಣೆಗೆ ಆರೂಕಾಲು. ಡಜನ್ನಿಗೆ 6 ಆಣೆ ಎಂದರೆ ಮೂವತ್ತೇಳೂವರೆ ನಯೇ ಪೈಸೆ, ಒಂದಕ್ಕೆ ಮೂರು ಪೈಸೆ ಮತ್ತು ಚಿಲ್ಲರೆಯ ಚಿಲ್ಲರೆ. ಹನ್ನೆರಡು ನೂರನ್ನು ಸರಿಯಾಗಿ ಭಾಗಿಸುವುದಿಲ್ಲ. ಉಳಿದ ಚೂರನ್ನು ಯಾರು ಬಿಡಬೇಕು? ಬಿಡಿಯಾಗಿ ಮಾರುವವರ ಕೈಯಲ್ಲಿ ಬೇಗ ಕೆಡುವ ಸರಕು ಇದ್ದಾಗ ಬಿಡುವವರು ಅವರೇ. ಡಜನ್ ಮಾತ್ರ ತನ್ನ ಕೆಲಸ ಮುಗಿದ ಮೇಲೂ ದಶಕಗಳ ಕಾಲ ಮಾತಿನಲ್ಲಿ ಉಳಿಯಿತು. ಮೂವತ್ತು ತತ್ತಿ ಹಿಡಿಯುವ ಕಾಗದದ ತಿರುಳಿನ ಟ್ರೇ ಬಂದ ಮೇಲಷ್ಟೇ ಅದು ಹಿಂದೆ ಸರಿದದ್ದು.

ತೂಕದ ತಕ್ಕಡಿಯಲ್ಲಿ

ತತ್ತಿಯ ವ್ಯಾಪಾರವನ್ನು ಸರ್ಕಾರ ಗಂಭೀರವಾಗಿ ನೋಡಿದ್ದು 1930ರ ದಶಕದಲ್ಲಿ. ಲಿನ್ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗ 1928ರಲ್ಲಿ ವರದಿ ಕೊಟ್ಟ ಮೇಲೆ ಕೃಷಿ ಮಾರಾಟ ಸಲಹೆಗಾರರ ಕಚೇರಿ ಹುಟ್ಟಿತು. ಆ ಕಚೇರಿ 1938ರಲ್ಲಿ ಭಾರತ ಮತ್ತು ಬರ್ಮಾದ ಮೊಟ್ಟೆ ಮಾರಾಟದ ಬಗ್ಗೆ ಒಂದು ವರದಿಯನ್ನೇ ಪ್ರಕಟಿಸಿತು. ಅದರ ಹಿಂದಿನ ವರ್ಷ, 1937ರಲ್ಲಿ, ಕೃಷಿ ಉತ್ಪನ್ನಗಳ ವರ್ಗೀಕರಣದ ಕಾನೂನು ಬಂದಿತ್ತು. ಅದರಿಂದ ಬಂದದ್ದೇ ‘ಅಗ್‌ಮಾರ್ಕ್’ ಮುದ್ರೆ. ತುಪ್ಪದ ಡಬ್ಬಿಯ ಮೇಲೆ ಜನ ಕಂಡ ಈ ಮುದ್ರೆ ತತ್ತಿಗೂ ಇದೆ ಎಂಬುದು ಹೆಚ್ಚಿನವರಿಗೆ ತಿಳಿಯದು.

ಅಗ್‌ಮಾರ್ಕ್ ತತ್ತಿಯನ್ನು ತೂಕದಿಂದ ಅಳೆಯುತ್ತದೆ. 60 ಗ್ರಾಂ ಮತ್ತು ಮೇಲ್ಪಟ್ಟದ್ದು ಅತಿ ದೊಡ್ಡದು, 53ರಿಂದ 59 ದೊಡ್ಡದು, 45ರಿಂದ 52 ಮಧ್ಯಮ, 38ರಿಂದ 44 ಸಣ್ಣದು. ಜವಾರಿ ಕೋಳಿಯ ತತ್ತಿ ಸಾಮಾನ್ಯವಾಗಿ 35ರಿಂದ 45 ಗ್ರಾಂ ತೂಗುತ್ತದೆ. ಅಂದರೆ ಸರ್ಕಾರದ ತಕ್ಕಡಿಯಲ್ಲಿ ಅದು ಕೊನೆಯ ಬೆಂಚು. ಕೆಲವು ಸಲ ತರಗತಿಯಿಂದಲೇ ಹೊರಗೆ. ಇಂದು ನಗರದ ಗಿರಾಕಿ ದುಪ್ಪಟ್ಟು ಕೊಟ್ಟು ಹುಡುಕಿಕೊಂಡು ಬರುವ ತತ್ತಿ ಇದೇ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮನೆಯ ಕೋಳಿಯ ತತ್ತಿಗೆ ಸಾಕುವವರೇ ಹೆಚ್ಚು ಬೆಲೆ ಪಡೆಯುವ ಪ್ರಯತ್ನ ಆ ಕಾಲದಲ್ಲೂ ಒಂದು ನಡೆದಿತ್ತು. ಇಲ್ಲಲ್ಲ, ದೂರದ ತಿರುವಾಂಕೂರಿನಲ್ಲಿ. ಈಗ ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ಮಾರ್ತಾಂಡಂನಲ್ಲಿ ವೈಎಂಸಿಎ ಸಂಸ್ಥೆಯ ಗ್ರಾಮ ಪುನರ್ರಚನಾ ಕೇಂದ್ರವಿತ್ತು. ಅದನ್ನು ನಡೆಸುತ್ತಿದ್ದ ಅಮೆರಿಕದ ಸ್ಪೆನ್ಸರ್ ಹ್ಯಾಚ್ ಹಳ್ಳಿಗರನ್ನು ಸೇರಿಸಿ ಸಹಕಾರಿ ಮೊಟ್ಟೆ ಮಾರಾಟದ ಕೂಟ ಕಟ್ಟಿದರು. ತಾಜಾತನ ಮತ್ತು ಗಾತ್ರ ನೋಡಿ ವಿಂಗಡಿಸಿ ಪಟ್ಟಣಕ್ಕೆ ಕಳಿಸಿದರೆ ಹಳ್ಳಿಯ ವ್ಯಾಪಾರಿ ಕೊಡುವುದಕ್ಕಿಂತ ಹೆಚ್ಚು ಸಿಗುತ್ತದೆಂದು ಅವರು ತೋರಿಸಿಕೊಟ್ಟರು. ಅವರ ಕಣ್ಣಿಗೆ ಬಿದ್ದ ಸತ್ಯ ಸರಳ. ಗಿರಾಕಿ ತತ್ತಿಗಷ್ಟೇ ಹಣ ಕೊಡುವುದಿಲ್ಲ, ಅದು ಕೆಟ್ಟಿಲ್ಲ ಎಂಬ ಭರವಸೆಗೂ ಕೊಡುತ್ತಾನೆ. ಭೂತನಾಳಕ್ಕೆ ಗಾಡಿ ಹತ್ತಿ ಬರುವ ಗಿರಾಕಿಯದೂ ಇದೇ ಕಥೆ.

ಪರದೇಶಿ ಹುಂಜ, ಬಿಳಿ ತತ್ತಿ

ಸ್ವಾತಂತ್ರ್ಯದ ನಂತರ ಸರ್ಕಾರದ ಗಮನವೆಲ್ಲ ತತ್ತಿಯ ಸಂಖ್ಯೆ ಮತ್ತು ಗಾತ್ರದ ಮೇಲೆ. ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಪ್ರಾದೇಶಿಕ ಕೋಳಿ ಫಾರಂಗಳ ಯೋಜನೆ ರೂಪುಗೊಂಡಿತು. ಬೆಂಗಳೂರಿನ ಬಳಿಯ ಹೆಸರಘಟ್ಟ ಅದರಲ್ಲೊಂದು. ಹಳ್ಳಿಯ ಹುಂಜವನ್ನು ಕೊಟ್ಟು ವೈಟ್ ಲೆಗ್‌ಹಾರ್ನ್ ಅಥವಾ ರೋಡ್ ಐಲೆಂಡ್ ರೆಡ್ ತಳಿಯ ಹುಂಜ ಒಯ್ಯುವ ಯೋಜನೆಯೂ ಇತ್ತು. ಊರಿನ ಹಳೆಯ ಹುಂಜಗಳಿಗೆ ಇದು ಅವಮಾನವೇ ಸರಿ! ಬೆರಕೆ ಮರಿಗಳ ತತ್ತಿ ದೊಡ್ಡದಾಯಿತು. ಆದರೆ ಹಿತ್ತಲಿನ ಬಾಳು ಅವಕ್ಕೆ ಒಗ್ಗಬೇಕಲ್ಲ. ಹದ್ದು ಕಂಡರೆ ಬುಟ್ಟಿಯಡಿ ಓಡುವ ಜಾಣತನ ಜವಾರಿಯದು, ಬಿಳಿ ಕೋಳಿಯದಲ್ಲ.

ಇದರ ಜೊತೆಗೆ ಕೊಕ್ಕರೆ ರೋಗ. ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ 1927ರ ಸುಮಾರಿಗೆ ಗುರುತಾದ್ದರಿಂದ ಪಶುವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ಬಂತೆಂದರೆ ವಾರದೊಳಗೆ ಊರಿನ ಕೋಳಿಗಳೆಲ್ಲ ಖಾಲಿ. ಇದಕ್ಕೆ ಲಸಿಕೆ ಇದೆ. ಆದರೆ ಲಸಿಕೆಯ ಸೀಸೆಯಲ್ಲಿ ನೂರಾರು ಕೋಳಿಗೆ ಸಾಲುವ ಮದ್ದಿರುತ್ತದೆ, ಒಡೆದ ಮೇಲೆ ಆಗಲೇ ಬಳಸಬೇಕು. ಆರು ಕೋಳಿಯವಳು ಅದನ್ನು ಹೇಗೆ ಕೊಂಡಾಳು? ತತ್ತಿಯ ಬೆಲೆಯಲ್ಲಿ ಈ ಗಂಡಾಂತರಕ್ಕೆ ಒಂದು ಪಾಲು ಇರಬೇಕೆಂದು ಯಾವ ಗಿರಾಕಿಯೂ ಯೋಚಿಸುವುದಿಲ್ಲ.

1960ರ ದಶಕದಿಂದ ಪಂಜರದ ಕೋಳಿಗಳ ಕಾಲ ಆರಂಭವಾಯಿತು. ಕಾವಿಗೆ ಕೂರುವ ಗುಣವನ್ನೇ ಕಳೆದುಕೊಂಡು, ವರ್ಷಕ್ಕೆ ಮುನ್ನೂರರ ಹತ್ತಿರ, ಇತ್ತೀಚಿನ ತಳಿಗಳಲ್ಲಿ ಅದಕ್ಕೂ ಮೀರಿ ತತ್ತಿ ಇಡುವ ಹೈಬ್ರಿಡ್ ಕೋಳಿಗಳು ಬಂದವು. ಜವಾರಿ ಕೋಳಿ ಇಡುವುದು ವರ್ಷಕ್ಕೆ 60ರಿಂದ 80. ‘ಫಾರಂ ತತ್ತಿ’ ಎಂಬ ಮಾತು ಹುಟ್ಟಿದ ಮೇಲೆಯೇ ‘ಜವಾರಿ ತತ್ತಿ’ ಎಂಬ ಮಾತೂ ಬೇಕಾಯಿತು. ಅದಕ್ಕೂ ಮೊದಲು ಎಲ್ಲವೂ ಬರೀ ತತ್ತಿಯೇ ಆಗಿತ್ತು.

ನನ್ನ ಮೊಟ್ಟೆ, ನನ್ನ ದರ

ಫಾರಂಗಳು ಹೆಚ್ಚಿದಂತೆ ಅವುಗಳ ಮಾಲೀಕರೂ ಅದೇ ಹಳೆಯ ಇಕ್ಕಟ್ಟಿಗೆ ಸಿಕ್ಕಿಬಿದ್ದರು. ದರ ಹೇಳುತ್ತಿದ್ದವರು ದೊಡ್ಡ ನಗರಗಳ ದಲಾಲರು. ಲಾರಿ ಹೊರಟ ಮೇಲೆ, ಕೆಲವೊಮ್ಮೆ ಸರಕು ಮಾರಾಟವಾದ ಮೇಲೆ, ಇಂತಿಷ್ಟು ಎಂದು ತಿಳಿಯುತ್ತಿತ್ತು. ತತ್ತಿ ಬಹಳ ದಿನ ಇರುವ ಸರಕಲ್ಲ. ಕೋಳಿಗೆ ‘ಇವತ್ತು ಇಡಬೇಡ’ ಎನ್ನಲಾಗುವುದಿಲ್ಲ. 1980ರ ದಶಕದ ಆರಂಭದಲ್ಲಿ ದರ ಖರ್ಚಿಗಿಂತ ಕೆಳಗಿಳಿದು ಸಾಕಷ್ಟು ಫಾರಂಗಳು ಮುಚ್ಚಿದವು.

ಆಗ ಮುಂದೆ ಬಂದವರು ಪುಣೆಯ ವೆಂಕಟೇಶ್ವರ ಹ್ಯಾಚರೀಸ್ ಸಂಸ್ಥಾಪಕ ಡಾ. ಬಿ.ವಿ. ರಾವ್. ಮರಿ ಮಾರುವ ಉದ್ಯಮಿ ಅವರು. ಸಾಕುವವರು ಮುಳುಗಿದರೆ ಮರಿ ಕೊಳ್ಳುವವರಿರುವುದಿಲ್ಲ ಎಂಬ ವ್ಯವಹಾರ ಬುದ್ಧಿಯೂ ಅದರಲ್ಲಿತ್ತು ಎನ್ನಲಡ್ಡಿಯಿಲ್ಲ. ಆದರೆ ಊರೂರು ಸುತ್ತಿ, ಸಭೆಯ ಮೇಲೆ ಸಭೆ ಮಾಡಿ ಸಾಕಣೆದಾರರನ್ನು ಒಂದುಗೂಡಿಸಿದ ಅವರ ಶ್ರಮ ಸಣ್ಣದಲ್ಲ. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ, ಹುಟ್ಟಿತು. ‘ನನ್ನ ಮೊಟ್ಟೆ, ನನ್ನ ದರ, ನನ್ನ ಬದುಕು’ ಎಂಬುದು ಅದರ ಘೋಷಣೆ. ದೂರದರ್ಶನದಲ್ಲಿ ಮೊಟ್ಟೆಯ ಜಾಹೀರಾತು ಹಾಡು ಕೇಳಿ ಬೆಳೆದವರಿಗೆ ಈ ಸಮಿತಿಯ ಹೆಸರು ಗೊತ್ತಿರದಿದ್ದರೂ ಅದರ ಕೆಲಸ ಗೊತ್ತು.

ಸಮಿತಿ ಮಾಡುವುದಿಷ್ಟು. ದೇಶವನ್ನು ವಲಯಗಳಾಗಿ ವಿಂಗಡಿಸಿ, ದಾಸ್ತಾನು, ಬೇಡಿಕೆ, ಬೇರೆ ಊರುಗಳ ದರ ನೋಡಿ, ಇಂದು ನೂರು ಮೊಟ್ಟೆಗೆ ಇಷ್ಟು ಎಂದು ಪ್ರಕಟಿಸುವುದು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಹೊಸಪೇಟೆಗಳ ದರ ಹೀಗೆ ಹೊರಬೀಳುತ್ತದೆ. ಇದು ಕಾನೂನಲ್ಲ, ಸೂಚಿಸಿದ ದರ. ವ್ಯಾಪಾರಿಗಳು ಇದರಲ್ಲಿ ಕೆಲವು ಪೈಸೆ ಕಡಿತ ಮಾಡಿಕೊಂಡೇ ಕೊಳ್ಳುವುದೂ ಉಂಟು, ಅದರ ಬಗ್ಗೆ ತಕರಾರುಗಳೂ ಉಂಟು. ಹಾಗಿದ್ದರೂ, ಬೆಳೆದವನೇ ಬೆಲೆ ಹೇಳುವ ಇಂಥ ಏರ್ಪಾಟು ಈರುಳ್ಳಿಗೂ ಇಲ್ಲ, ಟೊಮೆಟೊಗೂ ಇಲ್ಲ. ತಿಕೋಟಾದ ದ್ರಾಕ್ಷಿ ಬೆಳೆಗಾರ ಇಂದಿಗೂ ತಾಸಗಾಂವ, ಸಾಂಗ್ಲಿಯ ಒಣದ್ರಾಕ್ಷಿ ಸವಾಲಿನಲ್ಲಿ ಏನು ದರ ಕೂಗಿದರೆಂದು ಫೋನಿಗೆ ಕಿವಿಕೊಟ್ಟು ಕೂರಬೇಕು.

ಆದರೆ ‘ನನ್ನ ಮೊಟ್ಟೆ’ ಎಂದ ಆ ‘ನನ್ನ’ದಲ್ಲಿ ಹಿತ್ತಲಿನ ಹೆಂಗಸು ಸೇರಿರಲಿಲ್ಲ. ನೂರರ ಲೆಕ್ಕದ ದರ ನೂರು ಇದ್ದವರಿಗೆ. ಹಾಗೆಂದು ಆ ದರದಿಂದ ಅವಳು ತಪ್ಪಿಸಿಕೊಳ್ಳಲೂ ಇಲ್ಲ. ಫಾರಂ ತತ್ತಿ ಅಂಗಡಿಯಲ್ಲಿ ಎಷ್ಟಿದೆಯೋ ಅದರ ಮೇಲೆ ಇಷ್ಟು ಎಂದು ಜವಾರಿಯ ಬೆಲೆ ನಿಂತಿತು. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ದೇಶದಾದ್ಯಂತ ಕೋಳಿ, ಮೊಟ್ಟೆಯ ದರ ನೆಲಕಚ್ಚಿದಾಗ, 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿದಾಗ, ತಿಪ್ಪೆ ಕೆದರುವ ಕೋಳಿಯನ್ನೂ ಜನ ಅನುಮಾನದಿಂದ ನೋಡಿದರು. ಫಾರಂಗಳ ನಷ್ಟ ಸುದ್ದಿಯಾಯಿತು. ಹಿತ್ತಲಿನದು ಆಗಲಿಲ್ಲ.

ತಿಪ್ಪೆ ಕೊಡುವ ಸಬ್ಸಿಡಿ

ಹಾಗಾದರೆ ಜವಾರಿ ತತ್ತಿಯ ನಿಜವಾದ ಬೆಲೆ ಎಷ್ಟು? ಲೆಕ್ಕ ಹಾಕಿ ನೋಡಬಹುದು. ಪಂಜರದ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ, ವರ್ಷಕ್ಕೆ 40 ಕಿಲೋ. 310 ತತ್ತಿ ಇಟ್ಟರೆ ಒಂದಕ್ಕೆ ತಗಲುವುದು 130 ಗ್ರಾಂ. ಕಿಲೋಗೆ 30 ರೂಪಾಯಿ ಎಂದಿಟ್ಟುಕೊಂಡರೆ ತತ್ತಿಯೊಂದಕ್ಕೆ ಆಹಾರದ ಖರ್ಚು 4 ರೂಪಾಯಿಗೆ ತುಸು ಕಡಿಮೆ. ಜವಾರಿ ಕೋಳಿ ಚಿಕ್ಕದು, ದಿನಕ್ಕೆ 70 ಗ್ರಾಂ ತಿನ್ನುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಇಪ್ಪತ್ತೈದೂವರೆ ಕಿಲೋ. ತತ್ತಿ ಮಾತ್ರ 70. ಅಂದರೆ ಒಂದಕ್ಕೆ 365 ಗ್ರಾಂ. ಅದೇ ದರದಲ್ಲಿ ಕೊಂಡು ಹಾಕಿದರೆ ಆಹಾರಕ್ಕೇ 11 ರೂಪಾಯಿ! ಲಾಭವೆಲ್ಲಿ ಬಂತು? ಕೋಳಿ ತಿನ್ನುವುದರಲ್ಲಿ ಹೆಚ್ಚಿನದು ಹುಳ, ಹುಪ್ಪಟೆ, ಉಳಿದ ರೊಟ್ಟಿ ಚೂರು, ಕಣದ ಕಾಳು. ತಿಪ್ಪೆಯೇ ಇಲ್ಲಿ ಸಬ್ಸಿಡಿ ಕೊಡುತ್ತದೆ. ಊರು ನಗರವಾಗುತ್ತಿದ್ದಂತೆ ತಿಪ್ಪೆ ಕಾಂಪೌಂಡು ಗೋಡೆಯಾಗುತ್ತದೆ, ಕಣ ನಿವೇಶನವಾಗುತ್ತದೆ. ಆಗ ಸಬ್ಸಿಡಿ ನಿಲ್ಲುತ್ತದೆ. ನಗರದಂಚಿನ ಊರುಗಳಲ್ಲಿ ಗಿರಾಕಿ ಹೆಚ್ಚುವುದೂ ಕೋಳಿ ಸಾಕುವುದು ದುಬಾರಿಯಾಗುವುದೂ ಒಂದೇ ಕಾಲಕ್ಕೆ.

ಇನ್ನೊಂದು ಲೆಕ್ಕ ಇದಕ್ಕಿಂತ ಸೂಕ್ಷ್ಮ. ಮಾರಿದ ಪ್ರತಿ ತತ್ತಿಯೂ ಹುಟ್ಟದೇ ಹೋದ ಒಂದು ಮರಿ. ಹನ್ನೆರಡು ತತ್ತಿಯನ್ನು 12 ರೂಪಾಯಿಯಂತೆ ಮಾರಿದರೆ ಬರುವುದು 144 ರೂಪಾಯಿ. ಅವನ್ನೇ 21 ದಿನ ಕಾವಿಗಿಟ್ಟು, ಒಂಬತ್ತು ಮರಿಯಾಗಿ, ಬೆಕ್ಕು, ಮುಂಗುಸಿ, ಹದ್ದಿನ ಬಾಯಿ ತಪ್ಪಿಸಿಕೊಂಡು ನಾಲ್ಕು ಬೆಳೆದು ನಿಂತರೆ, ಒಂದಕ್ಕೆ 400 ಎಂದರೂ 1,600 ರೂಪಾಯಿ. ಆದರೆ ಅದಕ್ಕೆ ಆರೇಳು ತಿಂಗಳು ಕಾಯಬೇಕು, ಮರಿ ಮೇಯಿಸುವಷ್ಟು ಕಾಲ ತಾಯಿಕೋಳಿ ತತ್ತಿ ಇಡುವುದಿಲ್ಲ, ನಡುವೆ ಕೊಕ್ಕರೆ ರೋಗ ಬಂದರೆ ಎಲ್ಲವೂ ಸೊನ್ನೆ. ಕೈಯಲ್ಲಿರುವ ನೂರೈವತ್ತೋ, ಕಣ್ಣಮುಂದಿರುವ ಸಾವಿರದಾರುನೂರೋ? ಷೇರು ಪೇಟೆಯವರು ಇದಕ್ಕೆ ದೊಡ್ಡ ಹೆಸರುಗಳನ್ನಿಟ್ಟಿದ್ದಾರೆ. ಹಳ್ಳಿಯ ಹೆಂಗಸು ಇದನ್ನು ಬೇಸಿಗೆ, ಚಳಿಗಾಲ ನೋಡಿ ತೀರ್ಮಾನಿಸುತ್ತಾಳೆ. ವಿಜಯಪುರದ ಬಿರುಬಿಸಿಲಿನಲ್ಲಿ ಕಾವಿಗಿಟ್ಟ ತತ್ತಿ ಕೆಡುವುದೇ ಹೆಚ್ಚಾದ್ದರಿಂದ ಅವು ಮಾರಾಟಕ್ಕೆ.

ಜವಾರಿಗೆ ಕೊಡುವ ಹೆಚ್ಚಿನ ಹಣಕ್ಕೆ ತಕ್ಕದ್ದು ಸಿಗುತ್ತದೆಯೇ ಎಂಬ ಗಿರಾಕಿಯ ಅನುಮಾನವೂ ಸಹಜ. 55 ಗ್ರಾಮಿನ ಫಾರಂ ತತ್ತಿ 7 ರೂಪಾಯಿ ಎಂದರೆ ಗ್ರಾಮಿಗೆ ಸುಮಾರು 13 ಪೈಸೆ. 40 ಗ್ರಾಮಿನ ಜವಾರಿ 12 ರೂಪಾಯಿ ಎಂದರೆ 30 ಪೈಸೆ. ಜವಾರಿಯಲ್ಲಿ ಹಳದಿಯ ಪಾಲು ತುಸು ಹೆಚ್ಚು ಎಂಬುದು ನಿಜ. ಆದರೆ ಹಳದಿಯ ಗಾಢ ಬಣ್ಣ ಕೋಳಿ ತಿಂದ ಹಸಿರು, ಮೆಕ್ಕೆಜೋಳದಿಂದ ಬರುವಂಥದ್ದು. ಸಿಪ್ಪೆಯ ಕಂದು ಬಣ್ಣ ತಳಿಯಿಂದ ಬರುವಂಥದ್ದು. ಕಂದು ಸಿಪ್ಪೆಯೆಂದರೆ ಜವಾರಿ ಎಂದೇನೂ ಅಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ರೂಪಿಸಿದ ಗಿರಿರಾಜ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ಇವೆಲ್ಲ ಹಿತ್ತಲಿನಲ್ಲೇ ಬೆಳೆಯುವ, ಜವಾರಿಗಿಂತ ಹೆಚ್ಚು ತತ್ತಿ ಇಡುವ ಕೋಳಿಗಳು. ಇವುಗಳ ತತ್ತಿಯೂ ಬಣ್ಣದ್ದೇ. ಪಂಜರದಲ್ಲೇ ಕಂದು ತತ್ತಿ ಇಡುವ ತಳಿಗಳೂ ಇವೆ. ಅಂಗಡಿಯ ಟ್ರೇಯಲ್ಲಿ ಇವೆಲ್ಲ ‘ನಾಟಿ’ ಎಂಬ ಒಂದೇ ಹೆಸರಿನಲ್ಲಿ ಕೂರುತ್ತವೆ. ಕೋಳಿಯನ್ನು ಕಣ್ಣಾರೆ ಕಂಡು ಕೊಳ್ಳಲು ಗಿರಾಕಿ ಊರಿಗೇ ಬರುವುದು ಇದಕ್ಕಾಗಿಯೇ.

ಚಿಲ್ಲರೆ ಮತ್ತು ಶ್ರಾವಣ

ಸಗಟು ದರ ಪೈಸೆಗಳಲ್ಲಿ ಏರಿಳಿಯುತ್ತದೆ. ಹಿತ್ತಲ ಬಾಗಿಲಿನ ದರ ಹಾಗಲ್ಲ. 25 ಪೈಸೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡಿತು. ಎಂಟಾಣೆಯನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಜವಾರಿ ತತ್ತಿ ಹತ್ತರಲ್ಲಿ ವರ್ಷಗಟ್ಟಲೆ ನಿಂತು, ಒಂದು ದಿನ ಹನ್ನೆರಡಕ್ಕೋ ಹದಿನೈದಕ್ಕೋ ನೆಗೆಯುತ್ತದೆ. 2021ರಲ್ಲಿ ಸೋಯಾ ಹಿಂಡಿ ವಿಪರೀತ ತುಟ್ಟಿಯಾಗಿ ಕೇಂದ್ರ ಸರ್ಕಾರ ಆಮದಿಗೆ ಅವಕಾಶ ಕೊಡಬೇಕಾಯಿತು. ಹಿಂಡಿ ಏರಿದರೆ ಫಾರಂ ದರ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಜವಾರಿ ಅಲ್ಲಿಯೇ ನಿಂತು ನೋಡುತ್ತಿರುತ್ತದೆ. ಇನ್ನು ಶ್ರಾವಣ. ಮಾಂಸ, ತತ್ತಿ ಬಿಡುವ ಮನೆಗಳು ಈ ಸೀಮೆಯಲ್ಲಿ ಬಹಳ. ಎಂದೂ ಮುಟ್ಟದ ಮನೆಗಳೂ ಬಹಳ. ಆ ತಿಂಗಳು ಫಾರಂ ದರ ಸಾಮಾನ್ಯವಾಗಿ ಇಳಿಯುತ್ತದೆ, ಹಿತ್ತಲಿಗೆ ಗಿರಾಕಿಯೇ ಇರುವುದಿಲ್ಲ.

ಬೆಲೆ ಕಟ್ಟುವವರ ಸಾಲಿಗೆ ಸರ್ಕಾರ ಮತ್ತೊಮ್ಮೆ ಬಂದದ್ದು ಶಾಲೆಯ ಮೂಲಕ. 2007ರಲ್ಲಿ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಪ್ರಸ್ತಾಪ ವಿರೋಧದಿಂದ ಕೈಬಿಟ್ಟುಹೋಗಿತ್ತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳಲ್ಲಿ ಅದು ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳ ಜೊತೆಗೆ ವಿಜಯಪುರವೂ ಆ ಪಟ್ಟಿಯಲ್ಲಿತ್ತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆಯೊಂದಕ್ಕೆ ನಿಗದಿಯಾಗಿದ್ದ ಹಣ 6 ರೂಪಾಯಿ, ಬೇಯಿಸಿ ಸುಲಿಯುವ ಖರ್ಚೂ ಅದರೊಳಗೇ. ಪೇಟೆಯ ದರ ಅದನ್ನು ದಾಟಿದಾಗ ವ್ಯತ್ಯಾಸವನ್ನು ಮುಖ್ಯ ಶಿಕ್ಷಕರು ಕೈಯಿಂದ ತುಂಬಬೇಕಾಯಿತು ಎಂಬ ವರದಿಗಳು ರಾಜ್ಯದ ಹಲವೆಡೆಯಿಂದ ಬಂದವು. ಕಲೆಕ್ಟರರ ಕ್ಯಾಂಪಿನ ನಿರಖು ಪಟ್ಟಿ ನೆನಪಾದರೆ ತಪ್ಪಲ್ಲ. ಈ ಸಲ ಉಣ್ಣುವವರು ಮಕ್ಕಳು ಎಂಬುದಷ್ಟೇ ದೊಡ್ಡ ವ್ಯತ್ಯಾಸ.

ಊರ ಶಾಲೆಗೆ ಊರ ತತ್ತಿಯನ್ನೇ ಏಕೆ ಕೊಡಬಾರದು ಎಂಬ ಪ್ರಶ್ನೆ ಕೇಳಲು ಚೆಂದ. ನೂರು ಮಕ್ಕಳ ಶಾಲೆಗೆ ವಾರಕ್ಕೆ 600 ಬೇಕು. ವರ್ಷಕ್ಕೆ 70 ಇಡುವ ಕೋಳಿಗಳಾದರೆ ಸುಮಾರು 450 ಸಾಕಬೇಕು, ಒಂದೂ ಕಾವಿಗೆ ಕೂರಬಾರದು. ಹಾಗಾಗಿ ಶಾಲೆಯ ತತ್ತಿ ದೂರದ ಫಾರಂನಿಂದ ಲಾರಿಯಲ್ಲಿ ಬರುತ್ತದೆ. ಹಿತ್ತಲ ತತ್ತಿ ಬಾಣಂತಿಗೆ, ಜಡ್ಡಿನಿಂದ ಎದ್ದವರಿಗೆ, ರುಚಿ ಬಲ್ಲ ನಗರದವರಿಗೆ ಎರಡು ನಾಲ್ಕರ ಲೆಕ್ಕದಲ್ಲಿ ಹೋಗುತ್ತದೆ. ಇದನ್ನು ಸಣ್ಣ ವ್ಯವಹಾರವೆಂದು ತಳ್ಳಿಹಾಕುವಂತೆಯೂ ಇಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಹಿಂದಿನ 2012ರ ಗಣತಿಗೆ ಹೋಲಿಸಿದರೆ ಫಾರಂ ಕೋಳಿಗಳು ಶೇಕಡ 4.5ರಷ್ಟು ಹೆಚ್ಚಿದ್ದರೆ ಹಿತ್ತಲಿನವು ಶೇಕಡ 45ಕ್ಕೂ ಮೀರಿ ಹೆಚ್ಚಿದ್ದವು.

ದೀಪಾವಳಿ ಕಳೆದು ಚಳಿ ಬಿದ್ದರೆ ತತ್ತಿಗೆ ಬೇಡಿಕೆ ಏರುತ್ತದೆ, ಫಾರಂ ದರವೂ ಏರುತ್ತದೆ. ಮರಿ ಮಾಡಿಸಲು ಒಳ್ಳೆಯ ಕಾಲವೂ ಅದೇ. ಹದಿನೈದು ಕೊಡಲು ಸಿದ್ಧನಾಗಿ ಬಂದ ಗಿರಾಕಿಗೆ ಆಗ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಈಗಿಲ್ರೀ, ಕಾವಿಗೆ ಇಟ್ಟೇವ್ರಿ.’